ಮೂರು ಬೆಳೆ ತಿಂದ ಗಂಟುರೋಗ

೧೯೪೩ನೇ ಇಸವಿಯಲ್ಲಿ ನಾನು ಮಾಲೂರಿನ ಹತ್ತಿರ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ ಚಿಟ್ಟೆ ಅರೆಯುವ ಕೆಲಸದಲ್ಲಿದ್ದೆ. ಬಿತ್ತನೆ ಕೋಠಿ ಎಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಜಾಗ. ನಾನು ಓದಿದ್ದು ಎರಡನೇ ಕ್ಲಾಸಿನವರೆಗೆ. ಅಂಕಿ ಬರುತ್ತಿತ್ತು, ಹೆಸರು ಬರೆಯಲು ಬರುತ್ತಿತ್ತು. ಆ ಕೆಲಸಕ್ಕೆ ಅಷ್ಟು ಸಾಕು. ಕಣ್ಣು ಚೆನ್ನಾಗಿರಬೇಕು, ಕೈ ನಡುಗಬಾರದು, ಹೇಸಿಗೆ ಪಡಬಾರದು.

ಕೆಲಸ ಹೀಗೆ. ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆ ಗಂಡಿನ ಜೊತೆ ಕೂಡಿ ಹಾಳೆಯ ಮೇಲೆ ಮೊಟ್ಟೆ ಇಡುತ್ತದೆ. ಯಾವ ಮೊಟ್ಟೆ ಯಾವ ತಾಯಿಯದು ಎಂದು ಗೊತ್ತಾಗಬೇಕಲ್ಲ, ಅದಕ್ಕೆ ಒಂದೊಂದರ ಮೇಲೂ ತಗಡಿನ ಬಳೆ ಕವುಚಿರುತ್ತೇವೆ. ಮೊಟ್ಟೆ ಇಟ್ಟು ಮುಗಿದ ತಾಯಿಯನ್ನು ಎತ್ತಿ ಪುಟ್ಟ ಕಲ್ಲಿಗೆ ಹಾಕಿ, ಎರಡು ಹನಿ ಪೊಟ್ಯಾಷ್ ನೀರು ಬಿಟ್ಟು ಅರೆಯಬೇಕು. ಎಷ್ಟೋ ಸಲ ಇನ್ನೂ ರೆಕ್ಕೆ ಬಡಿಯುತ್ತಿರುತ್ತಿತ್ತು. ಆ ರಸದ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ರೋಗ ಕಂಡರೆ ಆ ತಾಯಿಯ ಮೊಟ್ಟೆಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಬೇಕು. ದಿನಕ್ಕೆ ಇನ್ನೂರು ತಾಯಂದಿರನ್ನು ಅರೆದಿದ್ದೇನೆ. ಮನೆಗೆ ಹೋಗಿ ಅದೇ ಕೈಯಲ್ಲಿ ಮುದ್ದೆ ತಿಂದಿದ್ದೇನೆ.

ನಾವು ಹುಡುಕುತ್ತಿದ್ದ ರೋಗಕ್ಕೆ ಪೆಬ್ರೈನ್ ಎಂದು ಹೆಸರು. ನಮ್ಮವರು ಗಂಟುರೋಗ ಎನ್ನುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಅದು ಎರಡೂ ತುದಿ ದುಂಡಗಿರುವ ಅಕ್ಕಿಕಾಳಿನಂತೆ ಕಾಣುತ್ತದೆ, ಒಳಗೆ ದೀಪ ಇಟ್ಟ ಹಾಗೆ ಹೊಳೆಯುತ್ತದೆ. ನಾವು ಹೆಂಗಸರು ಅದನ್ನು ಕಾಳು ಎಂದೇ ಕರೆಯುತ್ತಿದ್ದೆವು. ಕೋಠಿಯ ಇನ್‌ಸ್ಪೆಕ್ಟರು ರಾಯರು ಎಂಬವರು. ಅವರು ಅದು ಕಾಳಲ್ಲ, ಪ್ರಾಣಿ ಎಂದು ಹೇಳಿಕೊಟ್ಟಿದ್ದರು. ಹುಳುವಿನ ಮೈಯಲ್ಲಿ ಮಾತ್ರ ಅದು ಬೆಳೆಯುತ್ತದೆ. ಹೊರಗೆ ಬಿದ್ದಾಗ ಚಿಪ್ಪು ಗಟ್ಟಿ ಮಾಡಿಕೊಂಡು ಕಾಯುತ್ತದೆ, ತಿನ್ನುವುದಿಲ್ಲ, ಉಸಿರಾಡುವ ಗುರುತೂ ಇಲ್ಲ. ಒಣಗಿ ಧೂಳಾದ ಚಿಟ್ಟೆಯೊಳಗೆ ವರ್ಷಗಟ್ಟಲೆ ಇದ್ದು ಬರುತ್ತದೆ. ಹುಳು ಅದನ್ನು ಸೊಪ್ಪಿನ ಜೊತೆ ನುಂಗಿದಾಗ, ಹುಳುವಿನ ಹೊಟ್ಟೆಯ ಸೌಳು ರಸ, ಎಂದರೆ ಸೋಡದಂಥ ಕ್ಷಾರ, ತಾಗಿ ಚಿಪ್ಪು ಬಿಚ್ಚುತ್ತದೆ. ಒಳಗಿನಿಂದ ದಾರದಂಥ ಕೊಳವೆ ಸಿಡಿದು ಕರುಳಿಗೆ ಚುಚ್ಚುತ್ತದೆ. ಅಲ್ಲಿಗೆ ಆ ಹುಳು ಮುಗಿಯಿತು. ಚೆನ್ನಾಗಿ ಕುದಿಯುವ ನೀರು ಹಾಕಿದರೆ ಕಾಳು ಸಾಯುತ್ತದೆ, ಫಾರ್ಮಲಿನ್ ಹಾಕಿದರೆ ಸಾಯುತ್ತದೆ. ಆದರೆ ಅದು ಯುದ್ಧದ ಕಾಲ, ಫಾರ್ಮಲಿನ್ ಬರುವುದು ನಿಂತಿತ್ತು. ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು, ಹಿಂದೆ ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದವರೂ ಮತ್ತೆ ಹಿಪ್ಪುನೇರಳೆ ನೆಟ್ಟಿದ್ದರು.

ಟೇಕಲ್ ಸ್ಟೇಷನ್ನಿನಿಂದ ಮೂರು ಮೈಲಿ ನಡೆದರೆ ಒಂದು ಊರು ಸಿಗುತ್ತದೆ. ಅದರ ಹೆಸರು ಬರೆಯುವುದಿಲ್ಲ, ಆ ಮನೆಯವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಅಲ್ಲಿ ಮುನಿಶಾಮಪ್ಪ ಎಂಬ ರೈತ, ಅವನ ತಾಯಿ ಪಿಳ್ಳಮ್ಮ, ಸತ್ತ ತಮ್ಮನ ಹೆಂಡತಿ ನಾರಾಯಣಮ್ಮ ಒಂದೇ ಮನೆಯಲ್ಲಿದ್ದರು. ನಾರಾಯಣಮ್ಮನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಹುಳು ಸಾಕುವ ಕೆಲಸವೆಲ್ಲ ಅವಳದೇ. ಆ ವರ್ಷ ಅವರ ಮನೆಯಲ್ಲಿ ಒಂದರ ಹಿಂದೆ ಒಂದು ಎರಡು ಬೆಳೆ ಹೋದವು. ಬೆಳೆ ಹೋಗಿದೆ, ಕೋಠಿಯ ಮೊಟ್ಟೆಯೇ ಕೆಟ್ಟದ್ದು ಎಂದು ಮುನಿಶಾಮಪ್ಪ ಮಾಲೂರಿಗೆ ಬಂದು ಕೂಗಾಡಿ ಹೋದ. ಅದೇ ತಾಯಂದಿರ ಮೊಟ್ಟೆ ತೆಗೆದುಕೊಂಡ ಬೇರೆ ನಾಲ್ಕು ಮನೆಗಳಲ್ಲಿ ಗೂಡು ಚೆನ್ನಾಗಿ ಬಂದಿತ್ತು. ಹಾಗಾಗಿ ತಪ್ಪು ಮೊಟ್ಟೆಯದಲ್ಲ. ಹೆಂಗಸಾದರೆ ಹುಳದ ಮನೆಯೊಳಗೆ ಬಿಡುತ್ತಾರೆ ಎಂದು ರಾಯರು ನನ್ನನ್ನು ನೋಡಿಬರಲು ಕಳಿಸಿದರು. ಅದು ಶ್ರಾವಣ ಮಾಸ.

ನಾನು ಹೋದಾಗ ಅಂಗಳದಲ್ಲಿ ಸತ್ತ ಹುಳುವಿನ ರಾಶಿ ಬಿದ್ದಿತ್ತು. ಕಾಗೆಗಳು ಎಳೆದಾಡುತ್ತಿದ್ದವು. ಕೊಟ್ಟಿಗೆಯ ಕಂಬಕ್ಕೆ ನಾರಾಯಣಮ್ಮನನ್ನು ಹಗ್ಗದಲ್ಲಿ ಕಟ್ಟಿದ್ದರು. ತುಟಿ ಸೀಳಿತ್ತು, ಮುಂದಿನ ಎರಡು ಹಲ್ಲು ಇರಲಿಲ್ಲ, ಸೆರಗಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಮುನಿಶಾಮಪ್ಪ ಎತ್ತಿಗೆ ಹೊಡೆಯುವ ಬಾರುಕೋಲು ಹಿಡಿದು ಜಗಲಿಯ ಮೇಲೆ ಕೂತಿದ್ದ.

“ಬಂದ್ಯಾ, ಬಾ. ನಿನ್ ಮೊಟ್ಟೆ ಒಳ್ಳೇದಂತಲ್ಲ. ಹಂಗಾದ್ರೆ ಇವಳೇ ತಿಂದಿರೋದು,” ಎಂದ.

“ಅವಳು ಹುಳ ತಿಂತಾಳಾ?”

“ಮುಟ್ಟಾದಾಗ ಹುಳದ ಮನೇಗೆ ಹೋಗವ್ಳೆ. ಕೇಳಿದ್ರೆ ಇಲ್ಲ ಅಂತಾಳೆ.”

ಪಿಳ್ಳಮ್ಮ ಬಾಗಿಲಲ್ಲಿ ನಿಂತು ಎಲೆಯಡಿಕೆ ಉಗಿದಳು. “ಗಂಡನ್ನ ತಿಂದ್ಳು, ಆಮೇಲೆ ಹುಳ ತಿಂದ್ಳು. ಇನ್ನ ಉಳಿದಿರೋದು ನಾನೊಬ್ಳು.”

“ನಿಮ್ಮನ್ನ ತಿನ್ನಕ್ಕೆ ಹಲ್ಲು ಬೇಕಲ್ಲಮ್ಮ. ಅವನ್ನ ನಿಮ್ಮ ಮಗನೇ ಉದುರಿಸವ್ನೆ,” ಎಂದೆ. ಹಗ್ಗ ಬಿಚ್ಚಿದೆ. ಯಾರೂ ತಡೆಯಲಿಲ್ಲ. ಹೊಡೆದು ಸುಸ್ತಾಗಿದ್ದರು ಅಷ್ಟೇ.

ಸತ್ತ ಹುಳು ಕೆಲವನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದು ಕೋಠಿಯಲ್ಲಿ ಅರೆದು ನೋಡಿದೆ. ಗಾಜಿನ ತುಂಬ ಕಾಳು. ಇಂಥ ಮನೆಗೆ ಏನು ಮಾಡಬೇಕೆಂದು ನನಗೆ ಬಾಯಿಪಾಠ ಆಗಿತ್ತು. ಮಾರನೆಯ ವಾರ ಮತ್ತೆ ಹೋಗಿ ಮುಂದೆ ನಿಂತು ಮಾಡಿಸಿದೆ. ಸತ್ತ ಹುಳು, ಹಳೇ ಚಂದ್ರಿಕೆ, ಹರಕು ಚಾಪೆ ಎಲ್ಲಕ್ಕೂ ಬೆಂಕಿ ಹಾಕಿಸಿದೆ. ಚಂದ್ರಿಕೆ ಎಂದರೆ ಹಣ್ಣಾದ ಹುಳು ಗೂಡು ಕಟ್ಟುವ ಬಿದಿರಿನ ಚೌಕಟ್ಟು. ಗೋಡೆಗೆ ಮೂರು ಸಲ ಸುಣ್ಣ ಹೊಡೆಸಿದೆ. ಹುಳು ಸಾಕುವ ಬಿದಿರಿನ ತಟ್ಟೆಗಳಿಗೆ ಕೊಪ್ಪರಿಗೆಯಿಂದ ಕುದಿನೀರು ಹೊಯ್ಯಿಸಿ, ಊರ ಹಿಂದಿನ ಬಂಡೆಯ ಮೇಲೆ ಆರು ದಿನ ಒಣಗಿಸಲು ಹೇಳಿದೆ.

ಎಲ್ಲ ಹೇಳಿದ ಮೇಲೆ ಕೊನೆಗೆ ಇನ್ನೊಂದು ಮಾತೂ ಹೇಳಿದೆ. “ಒಣಗಿದ ಮೇಲೆ ತಟ್ಟೆಗೆ ಹೊಸ ಸಗಣಿ ಸಾರಿಸಿ, ಆಮೇಲೆ ಹುಳ ಬಿಡಿ.” ಇದು ಎಲ್ಲರೂ ಮಾಡುವುದೇ. ಬಿದಿರಿನ ಸಂದು ಮುಚ್ಚದಿದ್ದರೆ ಸಣ್ಣ ಹುಳು ಕೆಳಗೆ ಬೀಳುತ್ತದೆ. ಸಗಣಿ ಸಾರಿಸಿದ ಜಾಗ ಶುದ್ಧ ಎಂದು ನಾನೂ ನಂಬಿದ್ದೆ. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಈ ಮಾತು ನನ್ನ ಬಾಯಿಂದ ಬಂತು, ಬೇರೆ ಯಾರ ಬಾಯಿಂದಲೂ ಅಲ್ಲ.

ಪಿಳ್ಳಮ್ಮ ತನ್ನದೊಂದು ನಿಯಮ ಸೇರಿಸಿದಳು. ನಾರಾಯಣಮ್ಮ ಇನ್ನು ಮುಂದೆ ಹುಳದ ಮನೆಯ ಹೊಸಲು ತುಳಿಯಬಾರದು, ಕೊಟ್ಟಿಗೆಯಲ್ಲೇ ಮಲಗಬೇಕು, ದನ ನೋಡಿಕೊಳ್ಳಬೇಕು. ಸೊಪ್ಪು ಹಾಕುವುದು, ಕಸ ತೆಗೆಯುವುದು ಎಲ್ಲ ತಾನೇ ಮಾಡುತ್ತೇನೆ ಎಂದಳು. ನಾನು ಒಪ್ಪಿದೆ. ಹುಳದ ಮನೆಯಿಂದ ದೂರ ಇದ್ದರೆ ಮುಂದೆ ಬೆಳೆ ಹೋದರೂ ಅವಳ ತಲೆಗೆ ಬರುವುದಿಲ್ಲ ಎಂದುಕೊಂಡೆ.

ಅದೂ ನನ್ನ ತಪ್ಪು ಲೆಕ್ಕಾಚಾರ.

ಮೂರನೇ ಬೆಳೆಯ ಹುಳು ಕಾರ್ತಿಕದಲ್ಲಿ ಮೂರನೇ ಜ್ವರಕ್ಕೆ ಬಂದಿತ್ತು. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ಒಳ್ಳೆಯ ಹುಳುವಾದರೆ ಎಲ್ಲವೂ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಏಳುತ್ತವೆ. ಹೇಗಿದೆ ನೋಡೋಣ ಎಂದು ನಾನು ಬೆಳಗಿನ ರೈಲಿನಲ್ಲಿ ಹೊರಟು ಬಿಸಿಲೇರುವ ಹೊತ್ತಿಗೆ ಊರು ಮುಟ್ಟಿದೆ. ಬೀದಿಯ ತುದಿಗೇ ಕೂಗು ಕೇಳಿಸಿತು. ಅದು ಹೆಂಗಸಿನ ಕೂಗು ಎಂದು ಮೊದಲು ಗೊತ್ತಾಗಲಿಲ್ಲ.

ಪಕ್ಕದ ಮನೆಯಲ್ಲಿ ಚರಕ ಇತ್ತು, ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಆ ಒಲೆಯ ಮೇಲಿನ ಕುದಿನೀರಿನ ಬಾನಿಯ ಹತ್ತಿರ ಇಬ್ಬರು ಗಂಡಸರು ನಾರಾಯಣಮ್ಮನ ಭುಜ ಒತ್ತಿ ಹಿಡಿದಿದ್ದರು. ಮುನಿಶಾಮಪ್ಪ ಅವಳ ಬಲಗೈಯನ್ನು ಮಣಿಕಟ್ಟಿನವರೆಗೆ ನೀರಿನಲ್ಲಿ ಅದ್ದಿದ್ದ. “ತಪ್ಪು ಮಾಡಿಲ್ಲ ಅಂದ್ರೆ ಸುಡಲ್ಲ ಕಣೇ,” ಎನ್ನುತ್ತಿದ್ದ. ಗಟ್ಟಿಯಾಗಿಯೂ ಹೇಳಲಿಲ್ಲ. ಕರುವಿಗೆ ಔಷಧಿ ಕುಡಿಸುವಾಗ ಹೇಳುವ ಹಾಗೆ ಹೇಳಿದ. ಊರಿನವರು ಸುತ್ತ ನಿಂತಿದ್ದರು.

ಗೋಡೆಗೆ ಒರಗಿಸಿದ್ದ ಒನಕೆ ತೆಗೆದುಕೊಂಡು ಅವನ ಕೈಗೆ ಬೀಸಿದೆ. ಮೂಳೆ ಮುರಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಎರಡನೇ ಏಟು ಭುಜಕ್ಕೆ ಬಿತ್ತು. ಬಾನಿ ಉರುಳಿ ನೀರು ಒಬ್ಬನ ಕಾಲ ಮೇಲೆ ಚೆಲ್ಲಿತು, ಅವನು ಅರಚುತ್ತ ಓಡಿದ. ಇನ್ನೊಬ್ಬ ನನ್ನ ಜಡೆ ಹಿಡಿದು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದ. ಆ ಪಕ್ಕೆ ಈಗಲೂ ಚಳಿಗಾಲದಲ್ಲಿ ನೋಯುತ್ತದೆ. ನಾರಾಯಣಮ್ಮ ಕೂಗುವುದನ್ನು ನಿಲ್ಲಿಸಿ ತನ್ನ ಕೈಯನ್ನೇ ನೋಡುತ್ತ ಕೂತಿದ್ದಳು. ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಚರ್ಮ ಬಿಟ್ಟುಕೊಂಡಿತ್ತು.

ಪಟೇಲ ಬಂದು ಬಿಡಿಸಿದ. ಅವನು ಮುನಿಶಾಮಪ್ಪನ ಸೋದರಮಾವ. ನಡೆದದ್ದು ಇಷ್ಟು. ಮೂರನೇ ಬೆಳೆಯೂ ಹೋಗಿತ್ತು. ಹುಳು ಒಂದು ದೊಡ್ಡದು ಒಂದು ಸಣ್ಣದು ಆಗಿ, ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆ ಬಂದು, ಸೊಪ್ಪು ಮುಟ್ಟದೆ ಬಿದ್ದಿದ್ದವು. ನಾರಾಯಣಮ್ಮ ಹೊಸಲು ತುಳಿದಿರಲಿಲ್ಲ. ಅದಕ್ಕೇ ಈ ಸಲ ಅವಳ ಮೇಲೆ ಮಾಟದ ಆರೋಪ ಬಂದಿತ್ತು.

ಮುನಿಶಾಮಪ್ಪ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಮುಂದೆ ಬಂದು ನಿಂತ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. “ಸುಣ್ಣ ಹೊಡಿ ಅಂದೆ, ಹೊಡ್ದೆ. ಕುದಿನೀರು ಅಂದೆ, ಹೊಯ್ದೆ. ಎಲ್ಲಾ ಸುಟ್ಟೆ. ಇನ್ನೆಲ್ಲಿಂದ ಬಂತು? ಹದಿನೈದು ದಿನ ಕೊಡ್ತೀನಿ, ತೋರ್ಸು. ತೋರಿಸ್ದಿದ್ರೆ ಅವಳ ಇನ್ನೊಂದ್ ಕೈ ಅದ್ದುತೀನಿ. ನಿಂದು ಎರಡೂ.”

ಪಟೇಲ ಏನೂ ಹೇಳಲಿಲ್ಲ. ಹಾಗಾಗಿ ಅದೇ ತೀರ್ಮಾನ ಎಂದಾಯಿತು.

ನನ್ನ ಜೊತೆ ಮಾಲೂರಿಗೆ ಬಾ ಎಂದು ನಾರಾಯಣಮ್ಮನನ್ನು ಕರೆದೆ. ಅವಳು ಬರಲಿಲ್ಲ. “ಈಗ ಹೋದ್ರೆ ನಾನೇ ಮಾಡಿದ್ದು ಅಂತಾಯ್ತದೆ ಅಕ್ಕಯ್ಯ. ನನ್ನ ತವರೂರಿಗೂ ಹೇಳಿ ಕಳಿಸ್ತಾರೆ. ಆಮೇಲೆ ಯಾರು ನೀರು ಕೊಡ್ತಾರೆ?” ಎಂದಳು. ಕೈಗೆ ಬಾಳೆ ಎಲೆ ಸುತ್ತಿ ಬಟ್ಟೆ ಕಟ್ಟಿ ಬಂದೆ.

ರಾಯರಿಗೆ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀನು ಹೊಡೆದೆಯಾ?”

“ಹೊಡೆದೆ ಸ್ವಾಮಿ.”

“ಮೇಲಿನವರಿಗೆ ಗೊತ್ತಾದರೆ ನಿನ್ನನ್ನ ತೆಗೀತಾರೆ, ವೆಂಕಟಮ್ಮ.”

“ತೆಗೀಲಿ. ಹದಿನೈದು ದಿನ ಆದ್ಮೇಲೆ ತೆಗೀಲಿ. ಹಳೇ ಮೈಕ್ರೋಸ್ಕೋಪು ಕೊಡಿ.”

ಕೊಟ್ಟರು. ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು ತಲೆಯ ಮೇಲೆ ಹೊತ್ತುಕೊಂಡು ಮಾರನೆಯ ದಿನವೇ ಟೇಕಲ್ಲಿನಲ್ಲಿ ಇಳಿದೆ. ಪಟೇಲನ ಜಗಲಿಯ ಮೇಲೆ ಬೆಳಕು ಚೆನ್ನಾಗಿ ಬೀಳುವ ಕಡೆ ಇಟ್ಟೆ. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಅರೆಯುವುದು, ಹನಿ ಹಾಕುವುದು, ನೋಡುವುದು. ಕಣ್ಣಿಗೆ ಕಂಡದ್ದನ್ನೆಲ್ಲ ಅರೆಯುತ್ತ ಹೋದೆ. ಗೋಡೆಯ ಸುಣ್ಣ ಕೆರೆದು ನೋಡಿದೆ, ಇಲ್ಲ. ಬಾವಿಯ ನೀರು ನೋಡಿದೆ, ಇಲ್ಲ. ತೋಟದ ಸೊಪ್ಪು ತೊಳೆದ ನೀರು, ಇಲ್ಲ. ಪಿಳ್ಳಮ್ಮನ ಉಗುರಿನ ಕೊಳೆ ಕೇಳಿದೆ. “ನನ್ ಉಗುರು ಯಾಕೆ, ನನ್ನೇ ಅರೆದುಬಿಡು,” ಎಂದು ಕೈ ಚಾಚಿದಳು. ಅದರಲ್ಲಿ ಇತ್ತು. ಆದರೆ ಹುಳು ಮುಟ್ಟಿದ ಕೈಯಲ್ಲಿ ಇರಲೇಬೇಕು, ಅದರಿಂದ ಏನೂ ಗೊತ್ತಾಗುವುದಿಲ್ಲ.

ಬಳಸದೆ ಅಟ್ಟದ ಮೇಲಿಟ್ಟಿದ್ದ ತಟ್ಟೆಯೊಂದು ಉಳಿದಿತ್ತು. ಕುದಿನೀರು ಹೊಯ್ದು, ಬಂಡೆಯ ಮೇಲೆ ಒಣಗಿಸಿ, ಸಾರಿಸಿ ಇಟ್ಟದ್ದು. ಆಮೇಲೆ ಅದರ ಮೇಲೆ ಒಂದು ಹುಳುವೂ ಹರಿದಿರಲಿಲ್ಲ. ಅದನ್ನು ಕೆರೆದು ಗಾಜಿಗೆ ಹಾಕಿದೆ. ಒಂದು ಕಾಳು ಕಂಡಿತು. ಗಾಜು ಸರಿಸಿದೆ. ಮೂರು ಕಂಡವು. ಹುಳುವೇ ಮುಟ್ಟದ ತಟ್ಟೆಗೆ ಹುಳುವಿನ ರೋಗ ಎಲ್ಲಿಂದ ಬರಬೇಕು?

ಆ ತಟ್ಟೆಗೆ ಏನೇನು ಮಾಡಿದರು ಎಂದು ಕೇಳಲು ಕೊಟ್ಟಿಗೆಗೆ ಹೋದೆ. ನಾರಾಯಣಮ್ಮ ಎಡಗೈಯಲ್ಲಿ ಮೂಲೆಯ ರಾಶಿಯಿಂದ ಏನನ್ನೋ ಬಾಚಿ ಹಸುವಿನ ಮುಂದೆ ಹಾಕುತ್ತಿದ್ದಳು. ಕಪ್ಪು ಹರಳಿನಂಥ ಹಿಕ್ಕೆ, ಒಣಗಿದ ಸೊಪ್ಪಿನ ದಂಟು.

“ಅದೇನೇ ಅದು?”

“ಹುಳದ ಕಸ ಅಕ್ಕಯ್ಯ. ಒಣಗಿಸಿ ಇಟ್ಟಿರೋದು. ಹಸ ಇಷ್ಟಪಟ್ಟು ತಿಂತದೆ, ಹಾಲೂ ಜಾಸ್ತಿ.”

“ಯಾವ ಹುಳದ್ದು?”

“ಅದೇ, ಮೊದಲ್ನೇ ಬೆಳೇದು, ಎರಡ್ನೇದು. ಅತ್ತೆ ದಿನಾ ತಂದು ಸುರೀತಾರೆ, ಈಗಿಂದೂ ಅದೆ.”

“ಎಲ್ಲಾ ಸುಡಿ ಅಂತ ಹೇಳಿದ್ನಲ್ಲೇ?”

“ನೀವು ಹುಳ ಸುಡಿ ಅಂದ್ರಿ. ಇದು ದನದ ಮೇವಲ್ವಾ.”

ಅವಳು ಹೇಳಿದ್ದು ಸರಿ. ನಾನು ಹುಳು ಎಂದಿದ್ದೆ, ಚಂದ್ರಿಕೆ ಎಂದಿದ್ದೆ, ಚಾಪೆ ಎಂದಿದ್ದೆ. ಮೇವು ಎಂದಿರಲಿಲ್ಲ. ನಮ್ಮ ಸೀಮೆಯಲ್ಲಿ ಹುಳದ ಕಸವನ್ನು ಯಾರೂ ಕಸ ಎಂದು ಎಣಿಸುವುದಿಲ್ಲ, ಹಸುವಿನ ಪಾಲು ಎಂದೇ ಎತ್ತಿಡುತ್ತಾರೆ. ಹಸು ಸಗಣಿ ಹಾಕುವವರೆಗೆ ಅಲ್ಲೇ ಕಾದು ನಿಂತು, ನೆಲಕ್ಕೆ ಬೀಳುವ ಮೊದಲೇ ಎಲೆಯಲ್ಲಿ ಹಿಡಿದೆ. ಸೋಸಿ, ಮತ್ತೆ ಸೋಸಿ, ಗಾಜಿಗೆ ಹಾಕಿದೆ. ನಾರು, ಮಣ್ಣು, ಏನೇನೋ ಹರಿದಾಡುವುದು, ಅದರ ನಡುವೆ ಹೊಳೆಯುವ ಕಾಳು. ಹಸುವಿನ ನಾಲ್ಕು ಹೊಟ್ಟೆ ದಾಟಿ, ಅಗಿದು, ಮೆಲುಕು ಹಾಕಿ, ಹುಳಿ ಬಂದ ಆ ಬಿಸಿಯಲ್ಲಿ ದಿನಗಟ್ಟಲೆ ಇದ್ದು, ಚಿಪ್ಪು ಬಿಚ್ಚದೆ ಹೊರಗೆ ಬಂದಿತ್ತು. ಅದು ಕಾಯುವ ಸೌಳು ರಸ ಹಸುವಿನ ಹೊಟ್ಟೆಯಲ್ಲಿ ಸಿಗುವುದಿಲ್ಲವಲ್ಲ. ಮೊದಲ ಬೆಳೆಗೆ ರೋಗ ಎಲ್ಲಿಂದ ಬಂತೋ ಗೊತ್ತಿಲ್ಲ, ಆಮೇಲೆ ಅದು ಉಳಿದ ದಾರಿ ಇದೇ. ಕುದಿನೀರು ಹೊಯ್ದು ಸಾಯಿಸಿದ ತಟ್ಟೆಗೆ ನಾವೇ ಅದನ್ನು ಕೈಯಾರೆ ಸಾರಿಸಿದ್ದೆವು. ಸಾರಿಸಿ ಎಂದವಳು ನಾನು.

ಮಾಲೂರಿನಿಂದ ರಾಯರನ್ನು ಕರೆಸಿದೆ. ಅವರು ನೋಡಿ ತಲೆ ಅಲ್ಲಾಡಿಸಿದರು. “ಸಗಣಿಯಲ್ಲಿ ಹೊಳೆಯೋದೆಲ್ಲ ಪೆಬ್ರೈನ್ ಆಗಲ್ಲ ಕಣಮ್ಮ. ಬೂಷ್ಟಿನ ಬೀಜವೂ ಹೀಗೇ ಕಾಣುತ್ತೆ. ಇದನ್ನ ತಿಂದ ಹುಳು ಸತ್ತರೆ ಆಗ ನಂಬ್ತೀನಿ.” ಅವರು ಹೇಳಿದ್ದೂ ಸರಿ. ಉಳಿದದ್ದು ಹದಿಮೂರು ದಿನ.

ಪಟೇಲನ ಜಗಲಿಯ ಮೇಲೆ ಎರಡು ಹೊಸ ತಟ್ಟೆ ಇಟ್ಟೆವು. ಎರಡಕ್ಕೂ ರಾಯರು ಕೋಠಿಯಿಂದ ತಂದ, ಒಂದೇ ತಾಯಿಯ ಮೊಟ್ಟೆಯಿಂದ ಬಂದ, ಒಂದನೇ ಜ್ವರದಿಂದ ಎದ್ದ ಹುಳು. ಒಂದೇ ತೋಟದ ಸೊಪ್ಪು. ಎಡಗಡೆ ತಟ್ಟೆಗೆ ಕುಂಬಾರರ ಮನೆಯ ಹಸುವಿನ ಸಗಣಿ, ಆ ಮನೆಯಲ್ಲಿ ಹುಳು ಸಾಕುತ್ತಿರಲಿಲ್ಲ. ಬಲಗಡೆಗೆ ಮುನಿಶಾಮಪ್ಪನ ಹಸುವಿನದು. ಕಾವಲು ಯಾರು ಎಂದು ಕೇಳಿದರು. ಪಿಳ್ಳಮ್ಮನೇ ಕೂರಲಿ ಎಂದೆ. ಅವಳೇ ಸಾರಿಸಬೇಕು, ಅವಳೇ ಸೊಪ್ಪು ಹಾಕಬೇಕು, ಎಡಗಡೆಗೆ ಹಾಕಿ ಮುಗಿಸಿ ಆಮೇಲೆ ಬಲಗಡೆ ಮುಟ್ಟಬೇಕು, ಪ್ರತಿ ಸಲ ಬಿಸಿನೀರಿನಲ್ಲಿ ಕೈ ತೊಳೆಯಬೇಕು. ನಾರಾಯಣಮ್ಮ ಆ ಬೀದಿಗೇ ಬರಬಾರದು.

“ಈ ವಯಸ್ಸಲ್ಲಿ ನನ್ನ ಜಗಲಿ ಮೇಲೆ ಕೂರಿಸ್ದೆ ನೀನು,” ಎಂದಳು ಪಿಳ್ಳಮ್ಮ. “ನಿನ್ನ ಹುಳ ಎರಡೂ ಕಡೆ ಚೆನ್ನಾಗಿ ಬರ್ತವೆ, ನೋಡ್ತಿರು. ಆಮೇಲೆ ನಿನ್ ಕೈಗೆ ನಾನೇ ನೀರು ಕಾಯಿಸ್ತೀನಿ.”

“ಕಾಯಿಸಮ್ಮ. ಸೌದೆ ನಾನೇ ತರ್ತೀನಿ.”

ಅವಳು ಮೋಸ ಮಾಡಲಿಲ್ಲ, ಅದನ್ನು ಹೇಳಬೇಕು. ಸೊಸೆಯ ಮೇಲಿನ ಹಗೆ ಎಷ್ಟಿತ್ತೋ ಹುಳುವಿನ ಮೇಲಿನ ನಿಗಾ ಅಷ್ಟೇ ಇತ್ತು. ನಾನು ಬೆಳಗ್ಗೆ ಬಂದು ಸಾಯಂಕಾಲದ ರೈಲಿಗೆ ಹೋಗುತ್ತಿದ್ದೆ. ಆರನೇ ದಿನ ಎರಡು ತಟ್ಟೆಗೂ ವ್ಯತ್ಯಾಸ ಇರಲಿಲ್ಲ. ಪಿಳ್ಳಮ್ಮ ನನ್ನನ್ನು ನೋಡಿ ನಕ್ಕಳು. ಎಂಟನೇ ದಿನವೂ ಇಲ್ಲ. ಮುನಿಶಾಮಪ್ಪ ಕೈಗೆ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ದಿನಕ್ಕೆ ಎರಡು ಸಲ ಬಂದು ಎರಡೂ ತಟ್ಟೆ ನೋಡಿ ಹೋಗುತ್ತಿದ್ದ. ಕೊಟ್ಟಿಗೆಯಲ್ಲಿ ನಾರಾಯಣಮ್ಮನಿಗೆ ಜ್ವರ ಏರಿತ್ತು. ಕೈಯಿಂದ ಕೀವಿನ ವಾಸನೆ ಬರುತ್ತಿತ್ತು. ಮಾಲೂರಿನ ಆಸ್ಪತ್ರೆಯಿಂದ ಮುಲಾಮು ತಂದು ಹಚ್ಚಿದೆ. ಉಂಗುರದ ಬೆರಳೂ ಕಿರುಬೆರಳೂ ಒಂದಕ್ಕೊಂದು ಅಂಟಿಕೊಂಡು ಒಣಗುತ್ತಿದ್ದವು. ಬಿಡಿಸಲು ಹೋದರೆ ರಕ್ತ ಬರುತ್ತಿತ್ತು.

“ಎಷ್ಟು ದಿನ ಉಳೀತು?” ಎಂದು ಕೇಳಿದಳು.

“ಐದು.”

“ಎಡಗೈ ಇದ್ರೆ ಸಾಕು ಅಕ್ಕಯ್ಯ, ಹಾಲು ಕರೀಬಹುದು,” ಎಂದಳು. ಬಟ್ಟೆಯನ್ನು ಮತ್ತೆ ಸುತ್ತಿ ಕಟ್ಟಿದೆ.

ಹತ್ತನೇ ದಿನ ಎಡಗಡೆ ತಟ್ಟೆಯ ಹುಳು ಒಟ್ಟಿಗೆ ಜ್ವರಕ್ಕೆ ಕೂತವು. ಬಲಗಡೆಯವು ಅರ್ಧ ಕೂತವು, ಅರ್ಧ ಸುಮ್ಮನೆ ಅಲೆದಾಡುತ್ತಿದ್ದವು. ಹನ್ನೆರಡನೇ ದಿನ ಎಡಗಡೆಯವು ಎದ್ದು ಸೊಪ್ಪಿಗೆ ಬಾಯಿ ಹಾಕಿದವು. ಬಲಗಡೆ ಹತ್ತಕ್ಕೆ ಆರು ಸುಕ್ಕಾಗಿ, ಚುಕ್ಕೆ ಬಂದು ಬಿದ್ದಿದ್ದವು. ಪಿಳ್ಳಮ್ಮ ಎರಡು ತಟ್ಟೆಗೂ ಮುಖ ತಗ್ಗಿಸಿ ಬಹಳ ಹೊತ್ತು ನೋಡಿದಳು. ಬಲಗಡೆಯ ಒಂದು ಹುಳುವನ್ನು ತಾನೇ ಎತ್ತಿ ನನ್ನ ಕಲ್ಲಿಗೆ ಹಾಕಿದಳು. “ಅರಿ,” ಎಂದಳು.

ಅರೆದೆ. ರಾಯರು ನೋಡಿದರು, ಹೌದು ಎಂದರು. ಆಮೇಲೆ ಪಟೇಲ ನೋಡಿದ. ಪಿಳ್ಳಮ್ಮನಿಗೆ ಮೊದಲು ತನ್ನ ರೆಪ್ಪೆಯ ಕೂದಲು ಬಿಟ್ಟು ಏನೂ ಕಾಣಲಿಲ್ಲ. ನಾನು ಗುಂಡಿ ತಿರುಗಿಸಿ ತೋರಿಸಿದೆ. ಕಂಡಾಗ ಹಿಂದಕ್ಕೆ ಸರಿದಳು. “ನಾನೇ ಸಾರಿಸಿದ್ದು,” ಎಂದಳು. “ನನ್ ಕೈಯಾಗಿಂದಲೇ.” ಮುನಿಶಾಮಪ್ಪ ಕೊನೆಗೆ ಬಂದು ಕಣ್ಣಿಟ್ಟ. ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದವನು ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದ.

ಕೊಟ್ಟಿಗೆಯಿಂದ ಸದ್ದು ಬಂದಾಗ ನಾವು ಓಡಿದೆವು. ಅವನು ಎಡಗೈಯಲ್ಲಿ ನೇಗಿಲಿನ ಮೇಳಿ ಹಿಡಿದು ಹಸುವಿಗೆ ಬಡಿಯುತ್ತಿದ್ದ. ಹಸುವಿನ ಒಂದು ಕೊಂಬು ಮುರಿದು ಜೋತಾಡುತ್ತಿತ್ತು, ಕಣ್ಣಿನ ಮೇಲೆ ರಕ್ತ ಇಳಿಯುತ್ತಿತ್ತು. ಹಗ್ಗ ಗಿಡ್ಡವಾಗಿ ಕಟ್ಟಿತ್ತು, ಎತ್ತಲೂ ಹೋಗಲು ಆಗದೆ ಮೊಣಕಾಲೂರಿ ಬಿದ್ದಿತ್ತು. ಅವನು ಬೈಯುತ್ತಲೂ ಇರಲಿಲ್ಲ. ಲೆಕ್ಕ ಹಾಕಿದಂತೆ ಒಂದಾದ ಮೇಲೆ ಒಂದು ಏಟು ಹಾಕುತ್ತಿದ್ದ. ಪಟೇಲನೂ ರಾಯರೂ ಬಾಗಿಲಲ್ಲೇ ನಿಂತರು. ನಾನೂ ನಿಂತೆ. ಈ ಸಲ ಒನಕೆ ಹುಡುಕಲಿಲ್ಲ. ಹೊಡೆಯಲು ಏನಾದರೊಂದು ಅವನಿಗೆ ಬೇಕು, ಅವಳನ್ನು ಬಿಟ್ಟನಲ್ಲ ಎಂದು ನನ್ನ ಮನಸ್ಸಿಗೆ ಬಂದದ್ದು ನಿಜ.

ನಾರಾಯಣಮ್ಮ ಮೂಲೆಯ ಹುಲ್ಲಿನಿಂದ ಎದ್ದಳು. ಜ್ವರಕ್ಕೆ ಕಾಲು ನಿಲ್ಲುತ್ತಿರಲಿಲ್ಲ. ನಡೆದು ಬಂದು ಹಸುವಿನ ತಲೆಯ ಮೇಲೆ ಬಗ್ಗಿ ನಿಂತಳು. ಎತ್ತಿದ ಮೇಳಿ ಅವಳ ಬೆನ್ನಿಗೆ ಒಂದು ಸಲ ಬಿತ್ತು. ಅವಳು ಅಲ್ಲಾಡಲಿಲ್ಲ.

“ನೀವು ಹಾಕಿದ್ದನ್ನ ಅದು ತಿಂತು ಬಾವ,” ಎಂದಳು. “ನಾನೂ ಅಷ್ಟೇ.”

ಅವನ ಕೈ ಕೆಳಗೆ ಬಂತು. ಪಿಳ್ಳಮ್ಮ ಒಳಗೆ ಹೋಗಿ ಮೇಳಿಯನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದಳು. ಆಮೇಲೆ ಮೂಲೆಯಲ್ಲಿದ್ದ ಹುಳದ ಕಸದ ರಾಶಿಗೆ ತಾನೇ ಕೊಳ್ಳಿ ತಂದು ಇಟ್ಟಳು. ಕೊಟ್ಟಿಗೆ ಹತ್ತಿಕೊಳ್ಳುತ್ತದೆ ಎಂದು ಪಟೇಲ ಕೂಗುತ್ತಿದ್ದ. ಹಸುವನ್ನೂ ನಾರಾಯಣಮ್ಮನನ್ನೂ ಹೊರಗೆ ಎಳೆದು ತಂದೆವು, ಕೊಟ್ಟಿಗೆ ಅರ್ಧ ಸುಟ್ಟ ಮೇಲೆ ಬೆಂಕಿ ಆರಿತು.

ಮುಂದಿನ ಮಾಘದ ಬೆಳೆ ಆ ಮನೆಯಲ್ಲಿ ಚೆನ್ನಾಗಿ ಬಂತು. ತಟ್ಟೆಗೆ ಸಗಣಿಯ ಬದಲು ಹಳೇ ಕಾಗದ ಹಾಸಿದ್ದರು. ಹುಳದ ಕಸವನ್ನು ದನಕ್ಕೆ ಹಾಕಬಾರದು, ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಬೇಕು ಎಂದು ರಾಯರು ಸುತ್ತಿನ ಊರುಗಳಲ್ಲೆಲ್ಲ ಡಂಗುರ ಹೊಡೆಸಿದರು. ಅದನ್ನು ಮನೆಮನೆಗೆ ಹೋಗಿ ಹೇಳುವ ಕೆಲಸ ನನಗೆ ಬಿತ್ತು. ನನ್ನನ್ನು ತೆಗೆಯಲಿಲ್ಲ. ನಾರಾಯಣಮ್ಮ ಆ ಮನೆಯಲ್ಲೇ ಉಳಿದಳು. ಮುನಿಶಾಮಪ್ಪ ಮತ್ತೆ ಅವಳ ಮೇಲೆ ಕೈ ಮಾಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅಂಟಿಕೊಂಡ ಎರಡು ಬೆರಳು ಹಾಗೆಯೇ ಉಳಿದವು. ಏನು ಮಾಡಿದರೂ ಸಾಯದ ಆ ಕಾಳಿನ ಹಾಗೆ ಹೆಂಗಸರು ಎಂದು ಯಾರೋ ಒಮ್ಮೆ ನನ್ನ ಮುಂದೆ ಹೊಗಳಿ ಮಾತಾಡಿದರು. ಕಾಳಿಗೆ ನೋವಾಗುವುದಿಲ್ಲ, ಸುಮ್ಮನಿರಿ ಎಂದೆ.

ಆಮೇಲೆ ಇಪ್ಪತ್ತೆಂಟು ವರ್ಷ ನಾನು ಆ ಕೆಲಸ ಮಾಡಿದೆ. ಶ್ರೀನಿವಾಸಪುರ, ಮುಳಬಾಗಿಲು, ನಂಗಲಿಯ ಕಡೆಯ ಊರುಗಳವರೆಗೂ ಬೆಳೆ ಹೋದ ಮನೆಗಳಿಗೆ ನನ್ನನ್ನು ಕಳಿಸುತ್ತಿದ್ದರು. ಒಳಗೆ ಕಾಲಿಟ್ಟ ತಕ್ಷಣ ನಾನು ಹುಳು ನೋಡುತ್ತಿರಲಿಲ್ಲ. ಈ ಬೆಳೆ ಹೋದದ್ದಕ್ಕೆ ಮನೆಯಲ್ಲಿ ಯಾರಿಗೆ ಹೊಡೆದಿರಿ ಎಂದು ಕೇಳುತ್ತಿದ್ದೆ. ಸಿಟ್ಟಾಗುತ್ತಿದ್ದರು, ಆಮೇಲೆ ಹೇಳುತ್ತಿದ್ದರು. ಹೆಚ್ಚಿನ ಮನೆಗಳಲ್ಲಿ ಒಬ್ಬರಾದರೂ ಇರುತ್ತಿದ್ದರು. ಆ ಒಬ್ಬರನ್ನು ಬಿಟ್ಟು ಬೇರೆ ಎಲ್ಲವನ್ನೂ ಅರೆದು ನೋಡುತ್ತಿದ್ದೆ. ಯಾಕೆಂದರೆ ಒಬ್ಬರನ್ನು ಹಿಡಿದು ಹೊಡೆದ ದಿನವೇ ಆ ಮನೆಯವರು ಹುಡುಕುವುದನ್ನು ನಿಲ್ಲಿಸಿರುತ್ತಾರೆ, ರೋಗ ತನ್ನ ಜಾಗದಲ್ಲಿ ಹಾಯಾಗಿ ಇರುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಕಲಿಯಲು ಎರಡು ಬೆರಳು ಹೋದವು, ಅವು ನನ್ನವಲ್ಲ.